ಅಶ್ವತ್ಥಕ್ಕನ ವೋಟು

ನಮ್ಮ ಮನೆಯಲ್ಲಿ ವೋಟು ಇದ್ದದ್ದು ಇಬ್ಬರಿಗೆ. ಒಬ್ಬರು ನನ್ನ ಭಾವ ಕೋದಂಡರಾಮಪ್ಪನವರು, ಶ್ರೀನಿವಾಸಪುರದಲ್ಲಿ ಹುಣಸೆಹಣ್ಣಿನ ಮಂಡಿ ಇಟ್ಟುಕೊಂಡಿದ್ದವರು. ಇನ್ನೊಬ್ಬಳು ಅವರ ಹೆಂಡತಿ, ನನ್ನ ಓರಗಿತ್ತಿ ಅಶ್ವತ್ಥಮ್ಮ. ಆಗೆಲ್ಲ ಕಂದಾಯ ಕಟ್ಟುವವರಿಗೆ ಮಾತ್ರ ವೋಟು. ಅಕ್ಕನಿಗೆ ಅವರಪ್ಪ ಅರಿಶಿನ ಕುಂಕುಮಕ್ಕೆಂದು ಯಲ್ದೂರಿನ ಮಗ್ಗುಲಲ್ಲಿ ಒಂದು ಹುಣಸೆ ತೋಪು ಬರೆದುಕೊಟ್ಟಿದ್ದರು. ಅದರ ಕಂದಾಯದ ದೆಸೆಯಿಂದ ಅವಳ ಹೆಸರೂ ವೋಟಿನ ಪಟ್ಟಿಗೆ ಸೇರಿತ್ತು. ನನ್ನಪ್ಪ ನನಗೆ ಕೊಟ್ಟದ್ದು ಒಂದು ತಾಮ್ರದ ಬಿಂದಿಗೆ. ಬಿಂದಿಗೆಗೆ ವೋಟಿಲ್ಲ, ನಾನು ಬಚಾವಾದೆ.

ಅಕ್ಕನ ವಿಷಯ ಹೇಳಬೇಕೆಂದರೆ ಮೊದಲು ಅವಳ ಕೈಯ ವಿಷಯ ಹೇಳಬೇಕು. ಸುಗ್ಗಿಯಲ್ಲಿ ಹುಣಸೆ ಬಡಿದು ಬೀಜ ಬಿಡಿಸಿ ಬಿಡಿಸಿ ಅವಳ ಬೆರಳು ವರ್ಷವಿಡೀ ಕಪ್ಪಾಗಿಯೇ ಇರುತ್ತಿದ್ದವು. ಕೂಲಿ ಹೆಂಗಸರ ಜೊತೆಯಲ್ಲಿ ತಾನೂ ಕೂರುವಳು, ಅವರ ಮನೆಯ ಕಥೆಗಳನ್ನೆಲ್ಲ ಕೇಳುವಳು, ಅವರಿಗೆ ಮಜ್ಜಿಗೆ ಕೊಟ್ಟೇ ತಾನು ಕುಡಿಯುವಳು. ಓದು ಬರಹ ಬಾರದು. ಗಂಡನಿಗೆ ಎದುರು ಮಾತು ಆಡಿದ್ದನ್ನು ನಾನು ಕೇಳಿಲ್ಲ. ಹಾಗೆಂದು ಮೂಗುಬಸವಿ ಅಲ್ಲ, ನನ್ನ ಜೊತೆ ಕೂತರೆ ಇಡೀ ಪೇಟೆಬೀದಿಯನ್ನು ಅಣಕಿಸಿ ತೋರಿಸುತ್ತಿದ್ದಳು. ಅವಳಿಗೆ ಇದ್ದದ್ದು ಒಬ್ಬಳೇ ಮಗಳು, ಆದಿಲಕ್ಷ್ಮಿ. ಆ ಮಗಳನ್ನು ಯಲ್ದೂರಿನ ತನ್ನ ಅಣ್ಣ ವೆಂಕಟರಮಣಪ್ಪನವರ ಮಗನಿಗೇ ಕೊಟ್ಟಿದ್ದಳು. ತವರಿನಿಂದ ತಾನು ಬಂದೆ, ತವರಿಗೆ ಮಗಳು ಹೋದಳು, ಲೆಕ್ಕ ಚುಕ್ತಾ ಎಂದು ನಗುತ್ತಿದ್ದಳು.

ಯುದ್ಧ ಮುಗಿದ ಮರುವರ್ಷ ಆದಿಲಕ್ಷ್ಮಿ ಬಸುರಿಯಾದಳು. ಅದೇ ಹೊತ್ತಿಗೆ ನಮ್ಮ ಕಡೆಯ ಪ್ರಜಾಪ್ರತಿನಿಧಿ ಸಭೆಯ ಮೆಂಬರು ತೀರಿಕೊಂಡರು. ಅವರು ಪುಣ್ಯಾತ್ಮರು, ಆದರೆ ಹೋಗುವುದಕ್ಕೆ ಇನ್ನೊಂದು ಆರು ತಿಂಗಳು ತಡೆದಿದ್ದರೆ ಅವರ ಗಂಟೇನು ಹೋಗುತ್ತಿತ್ತು ಎಂದು ನಾನು ಈಗಲೂ ಬೈದುಕೊಳ್ಳುತ್ತೇನೆ. ಖಾಲಿಯಾದ ಆ ಜಾಗಕ್ಕೆ ಉಪಚುನಾವಣೆ ಬಂತು. ಪಕ್ಷದಿಂದ ಯಾರನ್ನು ನಿಲ್ಲಿಸಬೇಕು ಎಂದಾಗ ತಾಲ್ಲೂಕು ಕಮಿಟಿಯವರ ಮುಂದೆ ಇದ್ದದ್ದು ಎರಡೇ ಹೆಸರು. ಒಂದು ನಮ್ಮ ಭಾವನವರದು, ಇನ್ನೊಂದು ಅಕ್ಕನ ಅಣ್ಣನದು.

ವೆಂಕಟರಮಣಪ್ಪನವರು ಚಳವಳಿಯಲ್ಲಿ ಜೈಲಿಗೆ ಹೋಗಿ ಬಂದಿದ್ದವರು. ಹೊಟ್ಟೆ ಕೆಡಿಸಿಕೊಂಡು ಕಡ್ಡಿಯಂತಾಗಿ ವಾಪಸು ಬಂದಿದ್ದರು. ನಮ್ಮ ಭಾವ ಜೈಲಿಗೆ ಹೋದವರಲ್ಲ. ಆದರೆ ಪಕ್ಷದವರು ಬಂದಾಗಲೆಲ್ಲ ಅನ್ನ ಹಾಕಿದ್ದು ನಮ್ಮ ಮನೆ, ಗಾಡಿ ಕೊಟ್ಟದ್ದು ನಮ್ಮ ಮನೆ, ಜೈಲಿಗೆ ಹೋದವರ ಹೆಂಡಿರು ಮಕ್ಕಳಿಗೆ ರಾಗಿ ಅಳೆದು ಕಳಿಸಿದ್ದೂ ನಮ್ಮ ಮಂಡಿಯಿಂದಲೇ. ನ್ಯಾಯ ಯಾರ ಕಡೆ ಎಂದು ನನ್ನನ್ನು ಕೇಳಿದರೆ ಇಬ್ಬರ ಕಡೆಯೂ ಇತ್ತು. ಅದೇ ಕಷ್ಟ.

ಕಮಿಟಿ ಸೇರಿದ್ದು ನಮ್ಮ ನಡುಮನೆಯಲ್ಲಿ. ಬೆಳಗಿನಿಂದ ಕೂಗಾಟ. ಅಡಿಗೆಮನೆಯಲ್ಲಿ ನಾವಿಬ್ಬರೂ ಬೇಳೆ ತೊಳೆಯುತ್ತ ಎಲ್ಲ ಕೇಳಿಸಿಕೊಂಡೆವು. ಮಧ್ಯಾಹ್ನ ಎಲೆ ಹಾಕಿ ಅನ್ನ ಬಡಿಸಿ, ಅಕ್ಕ ಹುಳಿ ತರುವಷ್ಟರಲ್ಲಿ ಅಧ್ಯಕ್ಷರು ತೀರ್ಪು ಹೇಳಿಬಿಟ್ಟರು. ಕೋದಂಡರಾಮಪ್ಪನವರೇ ಅಭ್ಯರ್ಥಿ! ಉಂಡಾದ ಮೇಲಾದರೂ ಹೇಳಬಾರದಿತ್ತೇ ಆ ಮನುಷ್ಯ?

ವೆಂಕಟರಮಣಪ್ಪನವರು ಕಲಸಿದ ಅನ್ನವನ್ನು ಹಾಗೇ ಬಿಟ್ಟು ಎಲೆಯ ಮುಂದಿನಿಂದ ಎದ್ದರು. ನಮ್ಮ ಕಡೆ ಅದಕ್ಕಿಂತ ದೊಡ್ಡ ಮಾತಿಲ್ಲ, ಹೊಡೆದರೂ ಸಹಿಸಬಹುದು.

"ಜೈಲಲ್ಲಿ ಮುದ್ದೆ ಜೊತೆ ಹುಳ ತಿಂದೋನು ನಾನು. ಟಿಕೀಟು ಮಂಡೀಲಿ ಕೂತು ತೂಕ ಹಾಕ್ದೋನಿಗಾ?" ಎಂದರು.

"ಅನ್ನ ಬಿಟ್ಟು ಏಳಬೇಡ ಅಣ್ಣಾ," ಎಂದು ಅಕ್ಕ ಹುಳಿಯ ಪಾತ್ರೆ ಹಿಡಿದುಕೊಂಡೇ ಅಡ್ಡ ನಿಂತಳು.

"ಈ ಮನೆ ಅನ್ನದ ಋಣ ತೀರ್ತು ಕಣಮ್ಮ," ಎಂದು ಅವರು ಕೈ ತೊಳೆಯದೆ ಮೆಟ್ಟಿಲಿಳಿದು ಹೋದರು. ಮೂರನೇ ದಿನಕ್ಕೆ ತಾವೂ ಪಕ್ಷೇತರರಾಗಿ ನಿಂತಿರುವುದಾಗಿ ಡಂಗುರ ಹೊಡೆಸಿದರು.

ಅಲ್ಲಿಂದ ಶುರುವಾಯಿತು. ಆದಿಲಕ್ಷ್ಮಿಗೆ ಏಳು ತುಂಬಿತ್ತು. ಸೀಮಂತ ಮುಗಿಸಿ ಅವಳನ್ನು ಚೊಚ್ಚಲ ಬಾಣಂತನಕ್ಕೆ ತವರಿಗೆ ಕರೆದುಕೊಂಡು ಬರಬೇಕು. ಅಕ್ಕ ಆಗಲೇ ಹಿಂದಿನ ಕೋಣೆಯನ್ನು ಸಾರಿಸಿ, ಹಳೆ ಸೀರೆ ಒಗೆದು ಮಡಿಸಿ, ಬಾಣಂತಿ ಮಂಚಕ್ಕೆ ಹೊಸ ಹುರಿ ಬಿಗಿಸಿ ಇಟ್ಟಿದ್ದಳು. ಆ ಹುಡುಗಿಗೆ ಹುಟ್ಟಿನಿಂದಲೂ ರಕ್ತ ಕಡಿಮೆ, ಸ್ವಲ್ಪಕ್ಕೇ ತಲೆ ತಿರುಗಿ ಬೀಳುವವಳು. "ನನ್ನ ಕೈಯಲ್ಲೇ ಹೆರಿಗೆ ಆಗ್ಬೇಕು ಗಂಗೂ. ಅತ್ತಿಗೆಗೆ ಒರಟು ಕೈ, ನಂಗೆ ಭಯ," ಎಂದು ಅಕ್ಕ ನನ್ನ ಹತ್ತಿರ ಹೇಳುತ್ತಿದ್ದಳು.

ಯಲ್ದೂರಿಗೂ ನಮಗೂ ನಡುವೆ ಮಾತು ಸಾಗಿಸುತ್ತಿದ್ದವನು ಜಟಕಾ ನಬೀ ಸಾಬ್. ಒಂದು ಸಂಜೆ ಹಿತ್ತಲ ಬಾಗಿಲಿಗೆ ಬಂದು ನಿಂತ. ಒಳಗೆ ಬಾ ಎಂದರೂ ಬರಲಿಲ್ಲ.

"ಅಮ್ಮಾ, ನಾನು ಬರೀ ಹೇಳೋನು, ನನ್ ಮೇಲೆ ಬೇಜಾರ್ ಮಾಡ್ಕೋಬೇಡಿ. ನಿಮ್ಮಣ್ಣೋರು ಹೇಳವ್ರೆ, ವೋಟಿನ ದಿವ್ಸ ಅವ್ರ ಹೆಸರು ನಿಮ್ ಬಾಯಲ್ಲಿ ಬಂತು ಅಂತ ಸುದ್ದಿ ಮುಟ್ಟಿದ್ ಗಳಿಗೇಗೆ ಗಾಡಿ ಹೊರಡ್ತೈತಂತೆ, ನಿಮ್ ಮಗಳ್ನ ಕರ್ಕೊಂಡು. ಇಲ್ಲಾಂದ್ರೆ ಹೆರಿಗೆ ಅಲ್ಲೇ ಅಂತೆ."

ಹೆಂಗಸಿನ ಒಂದು ವೋಟಿಗೆ ಇಷ್ಟೇಕೆ ಎಂದು ಕೇಳಬೇಡಿ. ವೋಟಿದ್ದವರೇ ಕಡಿಮೆ, ಅದರಲ್ಲಿ ಊರು ಸರಿಯಾಗಿ ಎರಡು ಹೋಳಾಗಿತ್ತು. ಅದಕ್ಕಿಂತ ಹೆಚ್ಚಾಗಿ ಅದು ಮಾನದ ಪ್ರಶ್ನೆ. ಕೋದಂಡರಾಮಪ್ಪನ ಹೆಂಡತಿ ಯಾರ ಕಡೆ ಎಂದು ಸಂತೆಯಲ್ಲಿ, ಕ್ಷೌರದಂಗಡಿಯಲ್ಲಿ ಪಂದ್ಯ ಕಟ್ಟುತ್ತಿದ್ದರು. ಕೆಲಸವಿಲ್ಲದ ಬಡ್ಡೀಮಕ್ಕಳು!

ಆ ಸುದ್ದಿ ಭಾವನ ಕಿವಿಗೆ ಬೀಳದೆ ಇರುತ್ತದೆಯೇ? ಮಾರನೆಯ ಬೆಳಿಗ್ಗೆ ಸ್ನಾನ ಮಾಡಿ ನಾಮ ಇಟ್ಟುಕೊಂಡು ಬಂದವರು ಅಕ್ಕನನ್ನು ನಡುಮನೆಗೆ ಕರೆದರು.

"ನೋಡೇ, ನಿಮ್ಮಣ್ಣ ಏನು ಹೇಳಿ ಕಳಿಸಿದಾನೆ ಅಂತ ಗೊತ್ತು. ನನ್ನ ಮಾತೂ ಕೇಳಿಸ್ಕೋ. ಅವನ ಹೆಸರು ಹೇಳಿ ಮಗಳನ್ನ ಕರೆಸ್ಕೊಂಡ್ರೆ, ಅವಳು ಈ ಹೊಸ್ತಿಲು ತುಳಿಯೋ ಹಾಗಿಲ್ಲ. ಅದೇ ಗಾಡೀಲಿ ವಾಪಸು ಕಳಿಸ್ತೀನಿ. ಬೀದಿ ಎಲ್ಲಾ ನೋಡ್ಲಿ."

ಕೇಳಿದಿರಲ್ಲ? ಅಣ್ಣನ ಹೆಸರು ಹೇಳಿದರೆ ಮಗಳು ಬರುತ್ತಾಳೆ, ಮನೆಯೊಳಗೆ ಬಿಡುವುದಿಲ್ಲ. ಗಂಡನ ಹೆಸರು ಹೇಳಿದರೆ ಮನೆ ಇದೆ, ಮಗಳು ಬರುವುದಿಲ್ಲ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಹಾಗಾಯಿತು ಅಕ್ಕನ ಪಾಡು. ಇಬ್ಬರಿಗೂ ಮಗಳೇ, ಇಬ್ಬರಿಗೂ ಮೊಮ್ಮಗುವೇ! ಮೀಸೆ ಹೊತ್ತ ಗಂಡಸರಿಗೆ ಬಸುರಿ ಹೆಣ್ಣೊಂದು ಬಾವುಟದ ಕೋಲಾಗಿ ಹೋಯಿತಲ್ಲ ಎಂದು ನನ್ನ ಮೈ ಉರಿಯುತ್ತಿತ್ತು. ನನ್ನ ಗಂಡನ ಹತ್ತಿರ ಹೇಳಿದರೆ, "ದೊಡ್ಡೋರ ವಿಷಯ, ನೀನು ಸುಮ್ನಿರು," ಎಂದು ಹೆಗಲ ಮೇಲಿನ ಟವೆಲ್ಲು ಕೊಡವಿಕೊಂಡು ಮಂಡಿಗೆ ಹೋದರು.

"ಜ್ವರ ಅಂತ ಮಲಗಿಬಿಡು ಅಕ್ಕ. ವೋಟೂ ಬೇಡ, ಏನೂ ಬೇಡ," ಎಂದೆ ನಾನು. ಮಲಗಿದಳು ಕೂಡ. ಭಾವ ಬಂದು ಹಣೆ ಮುಟ್ಟಿ ನೋಡಿ, "ಮಂಚದ ಸಮೇತ ಹೊರಿಸ್ಕೊಂಡು ಹೋಗ್ತೀನಿ," ಎಂದರು. ಎದ್ದು ಕೂತಳು.

ಇನ್ನೊಂದು ದಾರಿ ಇದೆ ಎಂದು ಅವಳಿಗೇ ಹೊಳೆಯಿತು. ನಮ್ಮ ಕಡೆ ಆಗ ಓದು ಬಾರದವರು ವೋಟಿನ ಚೀಟಿಗೆ ತಾವೇ ಗುರುತು ಹಾಕುತ್ತಿರಲಿಲ್ಲ. ಅಧಿಕಾರಿಯ ಮುಂದೆ ನಿಂತು ತಮಗೆ ಬೇಕಾದವರ ಹೆಸರನ್ನು ಬಾಯಿಬಿಟ್ಟು ಹೇಳಬೇಕು, ಅವರು ಗುರುತು ಹಾಕುವರು. ಗಂಡನ ಹೆಸರನ್ನು ಯಾವ ಮುತ್ತೈದೆ ಬಾಯಿಬಿಟ್ಟು ಹೇಳುತ್ತಾಳೆ? ಹೇಳಿದರೆ ಅವನ ಆಯಸ್ಸು ಕುಗ್ಗುತ್ತದೆ ಎನ್ನುವವರು ನಾವು. ಅಕ್ಕನಂತೂ ಗಂಡನ ಹೆಸರಿನಲ್ಲಿ ರಾಮ ಇದ್ದಾನೆಂದು ಆ ದೇವರ ಹೆಸರನ್ನೂ ಬಿಟ್ಟವಳು. ಎಡವಿ ಬಿದ್ದರೂ "ಕೃಷ್ಣ ಕೃಷ್ಣಾ" ಎನ್ನುವಳು. ರಾಮನವಮಿಯಲ್ಲಿ ಭಜನೆಗೆ ಬಂದು ಬರೀ ತಾಳ ಹಾಕುವಳು.

"ನನ್ನ ಬಾಯಲ್ಲಿ ಅದು ಬರೋದಿಲ್ಲ. ಅಣ್ಣನ ಹೆಸರು ನಾನು ಹೇಳೋದಿಲ್ಲ. ಸುಮ್ನೆ ನಿಂತು ಬಂದುಬಿಡ್ತೀನಿ. ಇಬ್ಬರಿಗೂ ಇಲ್ಲ. ಆಗ ಇಬ್ಬರೂ ಬೈಯೋ ಹಾಗಿಲ್ಲ ಅಲ್ವಾ ಗಂಗೂ?" ಎಂದಳು. ಹಾಗೆ ಹೇಳುವಾಗ ಅವಳ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ಗೆಲುವು ಕಂಡಿತು.

ಭಾವ ಮಂಡಿ ನಡೆಸಿದವರು, ಆ ದಾರಿಯನ್ನೂ ಮುಚ್ಚಿದರು. ಕುರ್ಚಿ ಹಾಕಿಕೊಂಡು ಕೂತು, "ಹೇಳು, ಕೋದಂಡರಾಮಪ್ಪ ಅನ್ನು," ಎಂದರು. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಗೆ ಅಂಟಿಕೊಂಡಳು.

"ಬೇಡಾಂದ್ರೆ. ಕೆಟ್ಟದ್ದು."

"ನಾನೇ ಹೇಳು ಅಂತಿದೀನಿ. ಆಯಸ್ಸು ನಂದು ತಾನೇ? ಹೋದ್ರೆ ಹೋಗ್ಲಿ, ವೋಟು ಬೀಳ್ಲಿ!"

ಅಕ್ಕ ಅತ್ತಳು. ಭಾವ ಶಲ್ಯ ಕೊಡವಿಕೊಂಡು ಎದ್ದು, ನನ್ನ ಕಡೆ ತಿರುಗಿ, "ಗಂಗಮ್ಮ, ನೀನು ಕಲಿಸು," ಎಂದು ಹೋದರು. ನಾನೇನು ಕಲಿಸಲಿ? ಹುಣಸೆ ಗೋದಾಮಿನಲ್ಲಿ ನಾವಿಬ್ಬರೇ ಕೂತೆವು. ಅಕ್ಕ ಕಣ್ಣು ಮುಚ್ಚಿ, ಉಸಿರು ಕಟ್ಟಿ, "ಕೋದಂ..." ಎಂದು ನಿಲ್ಲಿಸಿದಳು. ಮತ್ತೆ "ಕೋದಂ..." ಇನ್ನು ಮುಂದಕ್ಕೆ ಹೋಗಲಾರದೆ ಅವಳಿಗೆ ನಗು ಬಂತು. ನನಗೂ ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕು ನಕ್ಕು, ನಗುತ್ತಲೇ ಅವಳು ಮತ್ತೆ ಅಳುವುದಕ್ಕೆ ಶುರು ಮಾಡಿದಳು.

"ಯಾರ ಹೆಸರು ಹೇಳ್ತೀಯ ಅಕ್ಕ?" ಎಂದು ಕೇಳಿದೆ.

ಅವಳು ಒಂದು ಹಿಡಿ ಹುಣಸೆ ಎಳೆದುಕೊಂಡು ಬೀಜ ಬಿಡಿಸತೊಡಗಿದಳು. ಆಮೇಲೆ ಹೇಳಿದಳು: "ನನ್ನಣ್ಣ ಬಾಯಲ್ಲಿ ಗುಡುಗ್ತಾನೆ ಕಣೇ, ಕರುಳು ಮೆತ್ತಗೆ. ಅವನ ಕೋಪ ನಾಕು ದಿನದ್ದು. ನಾನು ಇವರ ಹೆಸರು ಹೇಳಿದ್ರೂ ಆಮೇಲೆ ಹೋಗಿ ಕಾಲಿಗೆ ಬಿದ್ರೆ ಆದೀನ ಕಳಿಸೇ ಕಳಿಸ್ತಾನೆ. ಇವರು ಹಾಗಲ್ಲ. ಹೊಸ್ತಿಲಿಂದ ವಾಪಸು ಅಂದ್ರೆ ವಾಪಸೇ. ತುಂಬಿದ ಬಸುರಿ ತೌರುಮನೆ ಬಾಗಿಲಿಂದ ತಿರುಗಿ ಹೋಗೋದನ್ನ ನಾನು ನೋಡ್ಲಾರೆ."

ನನಗೂ ಅದೇ ಸರಿ ಎನ್ನಿಸಿತು. ಒಡಹುಟ್ಟಿದವನನ್ನು ನಂಬಬೇಡ ಎಂದು ಯಾವ ಬಾಯಿಯಲ್ಲಿ ಹೇಳಲಿ?

ವೋಟು ನಡೆದದ್ದು ಪೇಟೆಯ ಶಾಲೆಯಲ್ಲಿ. ಒಳಗೆ ವೋಟಿದ್ದವರಿಗಷ್ಟೇ ಪ್ರವೇಶ. ನಾನು ಕಿಟಕಿಯ ಸರಳು ಹಿಡಿದುಕೊಂಡು ನಿಂತೆ. ಮೇಜಿನ ಹಿಂದೆ ಪೇಟ ಕಟ್ಟಿದ ಅಧಿಕಾರಿ ಇದ್ದರು, ಹೊರಊರಿನವರು. ಆ ಕಡೆ ಭಾವನ ಕಡೆಯವನೊಬ್ಬ, ಈ ಕಡೆ ವೆಂಕಟರಮಣಪ್ಪನವರ ಕಡೆಯವನೊಬ್ಬ ಸಾಕ್ಷಿಗೆಂದು ಕೂತಿದ್ದರು. ಇವರ ಕಿವಿ ತಪ್ಪಿಸಿ ಒಂದು ಮಾತು ಆಡುವ ಹಾಗಿಲ್ಲ.

"ನಿಮ್ಮ ವೋಟು ಯಾರಿಗಮ್ಮ?" ಎಂದರು ಅಧಿಕಾರಿ.

ಅಕ್ಕ ಸುಮ್ಮನೆ ನಿಂತಳು. ಅವರು ಮತ್ತೆ ಕೇಳಿದರು.

"ನಮ್ಮ ಯಜಮಾನ್ರಿಗೆ," ಎಂದಳು ಕೊನೆಗೆ, ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ.

ವೆಂಕಟರಮಣಪ್ಪನವರ ಕಡೆಯವನು ಎದ್ದೇಬಿಟ್ಟ. "ಹೆಸರು ಬರಬೇಕು ಸ್ವಾಮಿ. ಯಜಮಾನ್ರು ಅನ್ನೋ ಹೆಸರಿನೋರು ಯಾರೂ ಇಲ್ಲಿ ನಿಂತಿಲ್ಲ." ಅಕ್ಕನ ಕಡೆ ನೋಡಿ ಹಲ್ಲು ಬಿಟ್ಟು, "ಅಣ್ಣನ ಹೆಸರು ಹೇಳಮ್ಮ, ಅದಕ್ಕೆ ಯಾವ ಶಾಸ್ತ್ರಾನೂ ಅಡ್ಡ ಬರಲ್ಲ. ಗಾಡಿ ಕಟ್ಟಿ ನಿಲ್ಸವ್ರೆ," ಎಂದ.

"ಬಾಯಿ ಮುಚ್ಚಯ್ಯ!" ಎಂದು ಅಧಿಕಾರಿ ಗದರಿದರು. ಆದರೆ ಅಕ್ಕನಿಗೆ, "ಹೆಸರು ಹೇಳಲೇಬೇಕು ತಾಯಿ. ನನ್ನ ಕೈಲೇನೂ ಇಲ್ಲ," ಎಂದರು.

ಅಕ್ಕ ಕಿಟಕಿಯ ಕಡೆ ತಿರುಗಿ ನನ್ನನ್ನು ನೋಡಿದಳು. ಆ ನೋಟ ನನ್ನ ಕಣ್ಣಿನಲ್ಲಿ ಇನ್ನೂ ಇದೆ. ನಾನು ಹೂಂ ಎಂದೂ ಅನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ. ಅವಳು ಸೆರಗನ್ನು ತಲೆಯ ತುಂಬ ಹೊದ್ದು, ಗೋಡೆಗೆ ಮುಖ ಮಾಡಿ, "ಕೋದಂಡರಾಮಪ್ಪ!" ಎಂದು ಕೂಗಿಬಿಟ್ಟಳು. ಗಂಟಲಲ್ಲಿ ಅಷ್ಟು ದಿನ ಸಿಕ್ಕಿಕೊಂಡಿದ್ದದ್ದು ಒಂದೇ ಸಲ ಹೊರಗೆ ಬಂದದ್ದರಿಂದಲೋ ಏನೋ, ಸಾಲಿನ ಕೊನೆಯಲ್ಲಿ ನಿಂತವರಿಗೂ ಕೇಳಿಸಿತು. ಯಾವುದೋ ಮುದುಕಿ "ಅಯ್ಯಯ್ಯೋ, ಶಿವನೇ!" ಎಂದು ಕೆನ್ನೆ ಬಡಿದುಕೊಂಡಳು. ಹೊರಗೆ ಬಂದ ಅಕ್ಕ ನೇರ ಗುಡಿಗೆ ಹೋಗಿ, ತುಳಸಿ ಎಲೆ ಅಗಿದು ಬಾಯಿ ತೊಳೆದು, ಗಂಡನ ಆಯಸ್ಸಿಗೆಂದು ತುಪ್ಪದ ದೀಪ ಹಚ್ಚಿದಳು.

ಭಾವ ಗೆದ್ದರು. ಗೆದ್ದದ್ದು ಒಂದು ಕೈ ಬೆರಳಲ್ಲಿ ಎಣಿಸಿ ಮುಗಿಸುವಷ್ಟು ವೋಟಿನಲ್ಲಿ. ಹಾರ, ತಮಟೆ, ಮೆರವಣಿಗೆ ಎಲ್ಲ ಆಯಿತು. ಆದರೆ ಸೋತವರು ಸುಮ್ಮನಿರುತ್ತಾರೆಯೇ? "ಹೆಂಡ್ತಿ ಕೈಲಿ ಹೆಸರು ಕೂಗಿಸ್ಕೊಂಡ ಮೆಂಬರು" ಎಂದು ಭಾವನವರಿಗೆ ಹೆಸರಿಟ್ಟರು. ಒಂದು ದಿನ ಅದನ್ನು ಕೇಳಿಸಿಕೊಂಡು ಉರಿಮುಖ ಮಾಡಿಕೊಂಡು ಮನೆಗೆ ಬಂದ ಭಾವ, "ಅಷ್ಟು ಜೋರಾಗಿ ಕಿರುಚೋದೇನಿತ್ತು ನಿನಗೆ? ಮಾನ ಕಳೆದೆ," ಎಂದರು. ನಾನು ಕೈಯಲ್ಲಿದ್ದ ಸೌಟನ್ನು ಕಷ್ಟಪಟ್ಟು ಕೈಯಲ್ಲೇ ಇಟ್ಟುಕೊಂಡೆ.

ನಾಲ್ಕು ದಿನ ಬಿಟ್ಟು ಅಕ್ಕ, ನಾನು ನಬೀ ಸಾಬನ ಜಟಕಾದಲ್ಲಿ ಯಲ್ದೂರಿಗೆ ಹೋದೆವು. ಮಡಿಲು ತುಂಬಲು ಅಕ್ಕಿ, ಬಳೆ, ಕೊಬ್ಬರಿ, ಬಸುರಿಗೆಂದು ಎಳ್ಳು ಬೆಲ್ಲ ಕುಟ್ಟಿ ಮಾಡಿದ ಚಿಗಳಿ ಎಲ್ಲ ಇತ್ತು. ವೆಂಕಟರಮಣಪ್ಪನವರು ಜಗಲಿಯ ಮೇಲೆ ಕೂತಿದ್ದರು. ಅಕ್ಕ ಕೆಳಗೆ ನಿಂತು, "ಅಣ್ಣಾ, ತಪ್ಪಾಯ್ತು, ಆದೀನ ಕಳಿಸು," ಎಂದಳು. ಅವರು ಅವಳ ಕಡೆ ನೋಡಲೇ ಇಲ್ಲ. ನಬೀ ಸಾಬನಿಗೆ, "ಜಟಕಾ ತಿರುಗಿಸೋ. ಮೆಂಬರ ಹೆಂಡ್ತಿ ಬರೋ ಅಷ್ಟು ದೊಡ್ಡ ಮನೆ ಅಲ್ಲ ಇದು," ಎಂದರು. ಅಕ್ಕ ಕಾಲಿಗೆ ಬೀಳಲು ಹೋದಾಗ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮಗಳ ಮುಖ ಕೂಡ ಕಾಣಿಸಲಿಲ್ಲ. ತಂದದ್ದನ್ನೆಲ್ಲ ಅಕ್ಕ ಆ ಜಗಲಿಯ ಮೇಲೇ ಇಟ್ಟು ಬಂದಳು.

"ನೀವಾದ್ರೂ ಒಂದ್ಸಲ ಹೋಗಿ ಕೇಳಿ ಭಾವ," ಎಂದು ನಾನೇ ಬಾಯಿಬಿಟ್ಟು ಹೇಳಿದೆ.

"ಗೆದ್ದೋನು ನಾನು. ಸೋತೋನ ಬಾಗಿಲಿಗೆ ಹೋಗ್ಲಾ?" ಎಂದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಅವರಿಗೆ ಬೆಂಗಳೂರು, ಮೈಸೂರು ಓಡಾಡುವುದೇ ಆಯಿತು.

ಹೆರಿಗೆ ಯಲ್ದೂರಿನಲ್ಲೇ ಆಯಿತು. ಹೆಣ್ಣು ಮಗು ಎಂದು ಸುದ್ದಿ ತಂದವನೂ ನಬೀ ಸಾಬನೇ. ತುಂಬ ಕಷ್ಟವಾಯಿತಂತೆ, ಎರಡು ದಿನ ನೋವು ತಿಂದಳಂತೆ, ರಕ್ತ ಬಹಳ ಹೋಯಿತಂತೆ, ಬದುಕಿದ್ದೇ ಹೆಚ್ಚಂತೆ. ಅಕ್ಕ ಅವನಿಗೆ ಸಕ್ಕರೆ ಕೊಟ್ಟಳು. ಆಮೇಲೆ ಹೋಗಿ ಆ ಹೊಸ ಹುರಿ ಬಿಗಿಸಿದ ಮಂಚದ ಮೇಲೆ ಒಬ್ಬಳೇ ಕೂತಳು. ಕರೆದರೂ ಊಟಕ್ಕೆ ಬರಲಿಲ್ಲ.

ತಿಂಗಳುಗಳು ಹೋದವು. ಡಿಸ್ಟ್ರಿಕ್ಟ್ ಬೋರ್ಡಿನ ಚುನಾವಣೆ ಹತ್ತಿರ ಬಂತು. ಪಕ್ಷದ ದೊಡ್ಡವರು ಬಂದು, ನೀವಿಬ್ಬರು ಹೀಗೆ ಕಚ್ಚಾಡಿದರೆ ಎದುರು ಪಕ್ಷದವನು ಗೆಲ್ಲುತ್ತಾನೆ ಎಂದರು. ಅಷ್ಟೇ ಸಾಕಾಯಿತು. ಬೋರ್ಡಿಗೆ ಪಕ್ಷದ ಅಭ್ಯರ್ಥಿ ವೆಂಕಟರಮಣಪ್ಪನವರು, ಅವರ ಪರವಾಗಿ ವೋಟು ಕೇಳುವವರು ಕೋದಂಡರಾಮಪ್ಪನವರು. ಇಬ್ಬರೂ ಹಾರ ಹಾಕಿಕೊಂಡು ತಬ್ಬಿಕೊಂಡರು. "ರಾಜಕೀಯದಲ್ಲಿ ಅದೆಲ್ಲಾ ಇದ್ದಿದ್ದೇ ಭಾವಾ," ಎಂದು ಕೋದಂಡರಾಮಪ್ಪನವರೇ ವೆಂಕಟರಮಣಪ್ಪನವರಿಗೆ ಹೇಳಿದರಂತೆ. ಕೇಳಿ ನನಗೆ ಮೈಯೆಲ್ಲ ಬೆಂಕಿ ಹತ್ತಿದ ಹಾಗಾಯಿತು.

ಮಾರನೆಯ ದಿನವೇ ಅಕ್ಕನಿಗೆ ಯಲ್ದೂರಿಗೆ ಹೋಗುವ ಅಪ್ಪಣೆಯಾಯಿತು. ಭಾವ, ವೆಂಕಟರಮಣಪ್ಪನವರು ಜಗಲಿಯ ಮೇಲೆ ಯಾವ ಹಳ್ಳಿಯಲ್ಲಿ ಎಷ್ಟು ವೋಟು ಎಂದು ಜೋರಾಗಿ ಮಾತಾಡುತ್ತ ನಗುತ್ತಿದ್ದರು. ನಾವಿಬ್ಬರೂ ಒಳಗೆ ಹೋಗದೆ ಅಂಗಳದಲ್ಲೇ ಒಂದು ಗಳಿಗೆ ನಿಂತು, ಆಮೇಲೆ ನಡುಮನೆಗೆ ಹೋದೆವು. ಆದಿಲಕ್ಷ್ಮಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕಂಬಕ್ಕೆ ಒರಗಿ ಕೂತಿದ್ದಳು. ಕೆನ್ನೆ ಒಳಕ್ಕೆ ಹೋಗಿತ್ತು, ಮುಂದಲೆಯ ಕೂದಲು ಉದುರಿತ್ತು. ನಮ್ಮನ್ನು ನೋಡಿ ಏಳಲಿಲ್ಲ.

"ಎಷ್ಟು ಬಡವಾಗಿದೀಯೇ ನನ್ನ ಕಂದಾ," ಎಂದು ಅಕ್ಕ ಅವಳ ಪಕ್ಕದಲ್ಲಿ ಕುಸಿದು ಕೂತು ಮಗುವನ್ನು ಎತ್ತಿಕೊಂಡಳು. ಮಗು ಹೊಸ ಮುಖ ಕಂಡು ತುಟಿ ತಿರುಚಿತು.

"ಅವತ್ತು ಮಾವ ಗಾಡಿ ಕಟ್ಟಿಸಿದ್ರು," ಎಂದಳು ಆದಿಲಕ್ಷ್ಮಿ.

"ಯಾವತ್ತೇ?"

"ವೋಟಿನ ದಿನ. ಹುಲ್ಲು ಹಾಸಿ, ಮೇಲೆ ಜಮಖಾನ ಹಾಸಿ ಕೂರಿಸಿದ್ರು. ಬೆಳಗಿಂದ ಅದ್ರಲ್ಲೇ ಕೂತಿದ್ದೆ ನಾನು. ನಮ್ಮಮ್ಮ ಕರೆಸ್ಕೊಳ್ತಾಳೆ ಅಂತ ಎಲ್ಲರ ಹತ್ರಾನೂ ಹೇಳ್ತಿದ್ದೆ. ಸಾಯಂಕಾಲ ಸುದ್ದಿ ಬಂತು. ಎತ್ತು ಬಿಚ್ಚಿ, ನನ್ನ ಇಳಿಸಿದ್ರು."

ಅಕ್ಕ ತಡವರಿಸಿಕೊಂಡು, "ನೀನು ಬಂದಿದ್ರೂ ನಿಮ್ಮಪ್ಪ ಒಳಗೆ ಬಿಡ್ತಿರಲಿಲ್ಲ ಕಣೇ. ಬಾಗಿಲಿಂದಲೇ ವಾಪಸು ಕಳಿಸ್ತೀನಿ ಅಂದಿದ್ರು. ಅದಕ್ಕೇ..." ಎಂದಳು.

"ಬಾಗಿಲಲ್ಲಿ ನೀನಾದ್ರೂ ಇರ್ತಿದ್ದೆಯಲ್ಲಮ್ಮ," ಎಂದಳು ಮಗಳು.

ಮಗು ಜೋರಾಗಿ ಅಳತೊಡಗಿತು. ಅಕ್ಕ ತೂಗಿದಳು, ಲೊಚಗುಟ್ಟಿದಳು, ಎದೆಗೆ ಒತ್ತಿಕೊಂಡಳು. ಅದು ಸುಮ್ಮನಾಗಲಿಲ್ಲ. ಆದಿಲಕ್ಷ್ಮಿ ಕೈ ಚಾಚಿ ಮಗುವನ್ನು ತೆಗೆದುಕೊಂಡು, ಸೆರಗು ಮುಚ್ಚಿ, ಆ ಕಡೆ ತಿರುಗಿ ಹಾಲು ಕುಡಿಸಲು ಕೂತಳು.